ಓರೆ ಸೈಟಿಗೆ ನೇರ ಅಳತೆ: ಆಟೋಕ್ಯಾಡ್‌ನಲ್ಲಿ ನಮ್ಮದೇ ಯುಸಿಎಸ್ ಕಟ್ಟುವುದು

ಪಾಯದ ಗುರುತು ಹಾಕುವ ದಿನ ಮೇಸ್ತ್ರಿ ಏನು ಮಾಡುತ್ತಾರೆ, ಗಮನಿಸಿದ್ದೀರಾ? ಮೊದಲು ಸೈಟಿನ ಒಂದು ಮೂಲೆಯಲ್ಲಿ ಗೂಟ ಹೊಡೆಯುತ್ತಾರೆ. ರಸ್ತೆ ಕಡೆಯ ಗಡಿಗುಂಟ ಒಂದು ದಾರ ಎಳೆದು ಕಟ್ಟುತ್ತಾರೆ. 3-4-5ರ ಲೆಕ್ಕದಲ್ಲಿ (ತ್ರಿಕೋನದ ಬದಿಗಳು 3, 4, 5 ಇದ್ದರೆ ಮೂಲೆ ಸರಿಯಾಗಿ 90 ಡಿಗ್ರಿ) ಮೂಲೆ ಸರಿ ಮಾಡಿಕೊಂಡು ಇನ್ನೊಂದು ದಾರ ಕಟ್ಟುತ್ತಾರೆ. ಅಲ್ಲಿಂದ ಮುಂದೆ ಎಲ್ಲ ಅಳತೆಯೂ ಆ ಎರಡು ದಾರದಿಂದಲೇ. ಸೈಟು ಉತ್ತರಕ್ಕೆ ಎಷ್ಟು ಓರೆಯಾಗಿದೆ ಅನ್ನುವುದು ಅವರ ಕೆಲಸಕ್ಕೆ ಅಡ್ಡ ಬರುವುದೇ ಇಲ್ಲ.

ಕಂಪ್ಯೂಟರ್‌ನಲ್ಲಿ ನಕ್ಷೆ ಬರೆಯುವ ಸಾಫ್ಟ್‌ವೇರ್ ಆಟೋಕ್ಯಾಡ್‌ನಲ್ಲಿ ಆ ಎರಡು ದಾರಕ್ಕೆ ಇರುವ ಹೆಸರು ಯುಸಿಎಸ್. ಯೂಸರ್ ಕೋಆರ್ಡಿನೇಟ್ ಸಿಸ್ಟಮ್, ಅಂದರೆ ನಾವೇ ಕಟ್ಟಿಕೊಳ್ಳುವ ಅಳತೆಯ ಚೌಕಟ್ಟು. 1988ರಲ್ಲಿ ರಿಲೀಸ್ 10ರ ಜೊತೆ ಬಂದ ಸೌಲಭ್ಯ ಇದು. ಇಷ್ಟು ಹಳೆಯದಾದರೂ ದಿನಾ ಡ್ರಾಫ್ಟಿಂಗ್ ಮಾಡುವವರಲ್ಲೇ ಎಷ್ಟೋ ಜನ ಇದನ್ನು ಮುಟ್ಟುವುದಿಲ್ಲ. ಸೈಟು ಓರೆಯಾಗಿ ಬಂದರೆ ಇಡೀ ಡ್ರಾಯಿಂಗನ್ನೇ ರೊಟೇಟ್ ಮಾಡಿ ನೇರ ಮಾಡಿಕೊಳ್ಳುತ್ತಾರೆ. ಹಾಗೆ ಮಾಡಬೇಡಿ ಎಂದು ಹೇಳುವುದಕ್ಕೇ ಈ ಲೇಖನ ಬರೆಯುತ್ತಿದ್ದೇನೆ.

ಕೆಲಸಕ್ಕೆ ಸೇರಿದ ಹೊಸತರಲ್ಲಿ ನಾನೂ ಹಾಗೇ ಮಾಡಿದ್ದೆ. ಸರ್ವೆ ಡ್ರಾಯಿಂಗ್ ಬಂತು, ಸೈಟು ಓರೆಯಾಗಿತ್ತು, ತಿರುಗಿಸಿ ನೇರ ಮಾಡಿದೆ. ಪ್ಲಾನ್ ಚೆನ್ನಾಗಿಯೇ ಬಂತು. ತಿಂಗಳಾದ ಮೇಲೆ ಕಾಲಂ ಸೆಂಟರ್‌ಗಳ ಕೋಆರ್ಡಿನೇಟ್ (ಎಕ್ಸ್, ವೈ ಬೆಲೆ) ಪಟ್ಟಿ ಕೇಳಿದರು. ಅದೇ ತಿರುಗಿಸಿದ ಡ್ರಾಯಿಂಗ್‌ನಿಂದ ಓದಿ ಕಳಿಸಿದೆ. ಸೈಟಿನಲ್ಲಿ ಟೋಟಲ್ ಸ್ಟೇಷನ್ (ಕೋನ, ದೂರ ಅಳೆಯುವ ಸರ್ವೆ ಯಂತ್ರ) ಹಿಡಿದು ಗೂಟ ಹೊಡೆದರು. ಮೊದಲ ಎರಡು ಗೂಟ ಸುಮಾರಾಗಿ ಸರಿಯಾದ ಜಾಗದಲ್ಲೇ ಬಿದ್ದ ಹಾಗೆ ಕಂಡವು. ಕೊನೆಯ ಗೂಟ ಪಕ್ಕದ ಸೈಟಿಗೆ ಹೋಗಿ ನಿಂತಿತು. ಆವತ್ತು ಜೆಸಿಬಿ ಬಾಡಿಗೆ, ಕೂಲಿ ಎಲ್ಲ ದಂಡ. ಅದಕ್ಕಿಂತ ಜಾಸ್ತಿ ನೋವಾಗಿದ್ದು ಮೇಸ್ತ್ರಿ ಸುಮ್ಮನೆ ಕಾಯುತ್ತಾ ನಿಂತಿದ್ದನ್ನು ನೋಡಿ. ಅವತ್ತು ರಾತ್ರಿ ಕೂತು ಯುಸಿಎಸ್ ಕಲಿತೆ.

ಶುರು ಮಾಡುವ ಮೊದಲು ಒಂದು ಮಾತು. ಕಮಾಂಡ್‌ಗಳನ್ನು ಇಲ್ಲಿ ಕನ್ನಡ ಅಕ್ಷರದಲ್ಲಿ ಬರೆದಿದ್ದೇನೆ. ಕಂಪ್ಯೂಟರ್‌ನಲ್ಲಿ ಅವನ್ನು ಇಂಗ್ಲಿಷ್ ಅಕ್ಷರಗಳಲ್ಲೇ ಟೈಪ್ ಮಾಡಬೇಕು. ಬ್ರಿಕ್ಸ್‌ಕ್ಯಾಡ್, ಝಡ್‌ಡಬ್ಲ್ಯುಕ್ಯಾಡ್‌ನಲ್ಲೂ ಯುಸಿಎಸ್ ಕಮಾಂಡ್ ಇದೆ, ಕೆಲಸ ಮಾಡುವ ರೀತಿಯೂ ಹೆಚ್ಚುಕಡಿಮೆ ಹೀಗೇ.

ವರ್ಲ್ಡ್ ಅಂದರೆ ಏನು

ಪ್ರತಿ ಡ್ರಾಯಿಂಗ್‌ನಲ್ಲೂ ಅಲ್ಲಾಡದ ಒಂದು ಚೌಕಟ್ಟು ಇರುತ್ತದೆ. ಅದು ವರ್ಲ್ಡ್ ಕೋಆರ್ಡಿನೇಟ್ ಸಿಸ್ಟಮ್, ಡಬ್ಲ್ಯುಸಿಎಸ್. ನೀವು ಎಳೆದ ಪ್ರತಿ ಗೆರೆಯ ಜಾಗ ಫೈಲಿನಲ್ಲಿ ಕೊನೆಗೂ ಇದರ ಲೆಕ್ಕಕ್ಕೇ ನಿಲ್ಲುತ್ತದೆ. ಯುಸಿಎಸ್ ಎಷ್ಟು ಸಲ ಬದಲಿಸಿದರೂ ಗೆರೆ ಒಂದು ಕೂದಲೆಳೆಯೂ ಜರುಗುವುದಿಲ್ಲ. ಬದಲಾಗುವುದು ನೀವು ಅದನ್ನು ಎಲ್ಲಿಂದ, ಯಾವ ದಿಕ್ಕಿಗೆ ಅಳೆಯುತ್ತೀರಿ ಅನ್ನುವುದು ಮಾತ್ರ.

ಸರ್ವೆಯವರು ಕೊಡುವ ಡ್ರಾಯಿಂಗ್‌ನಲ್ಲಿ ಈ ವರ್ಲ್ಡ್ ಸಾಮಾನ್ಯವಾಗಿ ಯುಟಿಎಂ ಗ್ರಿಡ್‌ಗೆ, ಅಂದರೆ ಭೂಮಿಯನ್ನು ವಲಯಗಳಾಗಿ ಹಂಚಿ ಪ್ರತಿ ಜಾಗಕ್ಕೂ ಮೀಟರ್‌ನಲ್ಲಿ ವಿಳಾಸ ಕೊಡುವ ಚೌಕಟ್ಟಿಗೆ, ಹೊಂದಿರುತ್ತದೆ. ಕರ್ನಾಟಕದ ಬಹುಪಾಲು ಬರುವುದು 43ನೇ ವಲಯದಲ್ಲಿ, ಅಂದರೆ 72ರಿಂದ 78 ಡಿಗ್ರಿ ಪೂರ್ವ ರೇಖಾಂಶದ ನಡುವೆ. ಬೆಂಗಳೂರಿನ ಪಾಯಿಂಟ್‌ಗಳಿಗೆ ಎಕ್ಸ್ ಬೆಲೆ 7 ಲಕ್ಷದ 80 ಸಾವಿರ ಮೀಟರ್ ಆಸುಪಾಸು, ವೈ ಬೆಲೆ 14 ಲಕ್ಷದ 35 ಸಾವಿರದ ಆಸುಪಾಸು ಇರುತ್ತದೆ. ಕೋಲಾರ, ಮುಳಬಾಗಿಲು, ಕೆಜಿಎಫ್ 78 ಡಿಗ್ರಿಯಿಂದ ಆಚೆ ಇವೆ, ಹಾಗಾಗಿ ಅವು 44ನೇ ವಲಯ. ಅಲ್ಲಿ ಎಕ್ಸ್ ಬೆಲೆ 2 ಲಕ್ಷದ ಹತ್ತಿರಕ್ಕೆ ಬರುತ್ತದೆ. ಆ ಕಡೆಯ ಕೆಲಸ ಬಂದರೆ ಸರ್ವೆ ಯಾವ ವಲಯದಲ್ಲಿ ಮಾಡಿದ್ದಾರೆ ಎಂದು ಮೊದಲೇ ಕೇಳಿಟ್ಟುಕೊಳ್ಳಿ.

ನಮ್ಮ ಉದಾಹರಣೆ

ಒಂದು 30×40 ಸೈಟ್ ಹಿಡಿಯೋಣ. ಡ್ರಾಯಿಂಗ್ ಮೀಟರ್‌ನಲ್ಲಿದೆ. ರಸ್ತೆ ಕಡೆ 30 ಅಡಿ, ಅಂದರೆ 9.144 ಮೀಟರ್. ಆಳ 40 ಅಡಿ, 12.192 ಮೀಟರ್. ರಸ್ತೆಯಲ್ಲಿ ಸೈಟಿಗೆ ಮುಖ ಮಾಡಿ ನಿಂತರೆ ಎಡಗಡೆಯ ಮೂಲೆ ‘ಎ’, ಬಲಗಡೆಯದು ‘ಬಿ’. ಲೆಕ್ಕಕ್ಕೆಂದು ನಾನೇ ಇಟ್ಟ ಸಂಖ್ಯೆಗಳು ಇವು:

ಎ: 780512.340, 1436204.815
ಬಿ: 780520.757, 1436208.388

ಎ-ಬಿ ಗೆರೆ ಎಕ್ಸ್ ದಿಕ್ಕಿಗೆ 23 ಡಿಗ್ರಿ ಓರೆ. ಸರ್ವೆಯವರು ಇದನ್ನೇ ಬೇರಿಂಗ್ 67 ಡಿಗ್ರಿ ಎಂದು ಬರೆದಿರುತ್ತಾರೆ. ಅವರು ಉತ್ತರದಿಂದ ಗಡಿಯಾರದ ಮುಳ್ಳಿನ ದಿಕ್ಕಿಗೆ ಅಳೆಯುತ್ತಾರೆ, ಆಟೋಕ್ಯಾಡ್ ಪೂರ್ವದಿಂದ ಅದರ ಎದುರು ದಿಕ್ಕಿಗೆ ಅಳೆಯುತ್ತದೆ. 90ರಲ್ಲಿ 67 ಕಳೆದರೆ 23. ಇಲ್ಲಿ ಗೊಂದಲ ಮಾಡಿಕೊಂಡು 67 ಎಂದೇ ಹಾಕುವವರು ಬಹಳ ಜನ.

ಈ ಸೈಟನ್ನು ‘ಎ’ ಮೂಲೆ ಹಿಡಿದು ತಿರುಗಿಸಿ ನೇರ ಮಾಡಿದರೆ ಏನಾಗುತ್ತದೆ ಗೊತ್ತಾ? ‘ಎ’ ಪಕ್ಕದ ಕಾಲಂ 78 ಸೆಂಟಿಮೀಟರ್ ಆಚೆ ಹೋಗುತ್ತದೆ. ಎದುರು ಮೂಲೆಯ ಕಾಲಂ 5.3 ಮೀಟರ್ ಆಚೆ ಹೋಗುತ್ತದೆ. ಅದಕ್ಕೇ ಮೊದಲ ಗೂಟಗಳು ಸರಿ ಇದ್ದ ಹಾಗೆ ಕಂಡು ಮೋಸ ಮಾಡುವುದು.

ಯುಸಿಎಸ್ ಕಟ್ಟುವ ಕ್ರಮ

1. ಮೊದಲು ಯುಸಿಎಸ್ ಎಂದು ಟೈಪ್ ಮಾಡಿ ಎಂಟರ್ ಒತ್ತಿ, ಡಬ್ಲ್ಯು ಒತ್ತಿ ಎಂಟರ್ ಒತ್ತಿ. ಈಗ ನೀವು ವರ್ಲ್ಡ್‌ನಲ್ಲಿ ಇದ್ದೀರಿ. ತೆರೆಯ ಎಡ ಕೆಳಗಿನ ಯುಸಿಎಸ್ ಗುರುತಿನ ಮೂಲೆಯಲ್ಲಿ ಒಂದು ಸಣ್ಣ ಚೌಕ ಕಾಣಬೇಕು. ಆ ಚೌಕ ಇದ್ದರೆ ವರ್ಲ್ಡ್, ಇಲ್ಲದಿದ್ದರೆ ಬೇರೆ ಯಾವುದೋ ಯುಸಿಎಸ್.

2. ಪಾಯಿಂಟಿನ ಕೋಆರ್ಡಿನೇಟ್ ತೋರಿಸುವ ಐಡಿ ಕಮಾಂಡ್ ಕೊಟ್ಟು ‘ಎ’ ಮೂಲೆ ಕ್ಲಿಕ್ ಮಾಡಿ. ಬಂದ ಸಂಖ್ಯೆ ಸರ್ವೆಯವರ ಪಟ್ಟಿಯ ಸಂಖ್ಯೆಗೆ ತಾಳೆಯಾಗುತ್ತಾ ನೋಡಿ. ಆಗದಿದ್ದರೆ ಯಾರೋ ಈಗಾಗಲೇ ಡ್ರಾಯಿಂಗ್ ಜರುಗಿಸಿದ್ದಾರೆ. ಮುಂದಕ್ಕೆ ಹೋಗಬೇಡಿ, ಮೂಲ ಫೈಲ್ ತರಿಸಿಕೊಳ್ಳಿ.

3. ಓಸ್ನ್ಯಾಪ್‌ಝಡ್ (OSNAPZ) ಎಂದು ಟೈಪ್ ಮಾಡಿ 1 ಕೊಡಿ. ಇದು ಯಾಕೆ ಎಂದು ಕೆಳಗೆ ಹೇಳುತ್ತೇನೆ, ಸದ್ಯಕ್ಕೆ ಬಿಡದೆ ಮಾಡಿ. ಬೇರೆ ಲೇಯರ್ ಒಂದನ್ನು ಹಾಕಿಕೊಂಡು ‘ಎ’ಯಿಂದ ‘ಬಿ’ಗೆ ಒಂದು ಲೈನ್ ಎಳೆಯಿರಿ. ಇದೇ ನಮ್ಮ ಮೊದಲ ದಾರ.

4. ಯುಸಿಎಸ್ ಎಂಟರ್. ಮೂಲಬಿಂದು ಎಲ್ಲಿ ಎಂದು ಕೇಳುತ್ತದೆ. ಗೆರೆಯ ತುದಿಗೇ ಕರ್ಸರ್ ಅಂಟಿಸುವ ಎಂಡ್‌ಪಾಯಿಂಟ್ ಸ್ನ್ಯಾಪ್ ಹಿಡಿದು ‘ಎ’ ಕ್ಲಿಕ್ ಮಾಡಿ. ಎಕ್ಸ್ ದಿಕ್ಕು ಯಾವುದು ಎಂದು ಕೇಳುತ್ತದೆ, ‘ಬಿ’ ಕ್ಲಿಕ್ ಮಾಡಿ. ವೈ ಯಾವ ಕಡೆ ಎಂದು ಕೇಳುತ್ತದೆ. ಸೈಟಿನ ಒಳಗೆ ಕ್ಲಿಕ್ ಮಾಡುವ ಬದಲು ಸುಮ್ನೆ ಎಂಟರ್ ಒತ್ತಿ. ಎಕ್ಸ್ ಎಡದಿಂದ ಬಲಕ್ಕೆ ಹೋಗಿದ್ದರಿಂದ ವೈ ತಾನಾಗಿಯೇ ಸೈಟಿನ ಒಳಗಡೆಗೆ ಬರುತ್ತದೆ.

5. ಈಗ ಮತ್ತೆ ಐಡಿ ಕೊಟ್ಟು ನೋಡಿ. ‘ಎ’ ಮೇಲೆ 0,0 ಬರಬೇಕು. ‘ಬಿ’ ಮೇಲೆ ಎಕ್ಸ್ 9.144, ವೈ 0 ಬರಬೇಕು. ಝಡ್ ಎರಡೂ ಕಡೆ 0 ಇರಬೇಕು.

6. ಹೆಸರಿಟ್ಟು ಉಳಿಸಿ. ಯುಸಿಎಸ್, ಎನ್‌ಎ, ಎಸ್, ಆಮೇಲೆ ಹೆಸರು. ‘ಸೈಟ್’ ಎಂದೋ ‘ರಸ್ತೆಗಡಿ’ ಎಂದೋ, ನೋಡಿದ ಕೂಡಲೇ ಗೊತ್ತಾಗುವ ಹೆಸರಿಡಿ. ‘1’, ‘ನ್ಯೂ’, ‘ಟೆಸ್ಟ್’ ಎಂದೆಲ್ಲ ಇಟ್ಟರೆ ಆರು ತಿಂಗಳಾದ ಮೇಲೆ ನಿಮಗೇ ಗೊತ್ತಾಗುವುದಿಲ್ಲ.

ಕೋನ ಮೊದಲೇ ಗೊತ್ತಿದ್ದರೆ ಇನ್ನೊಂದು ದಾರಿ ಇದೆ. ಯುಸಿಎಸ್ ಕೊಟ್ಟು ‘ಎ’ ಕ್ಲಿಕ್ ಮಾಡಿ, ಎಂಟರ್ ಒತ್ತಿ. ಮತ್ತೆ ಯುಸಿಎಸ್, ಝಡ್, 23. ಫಲ ಅದೇ. ಆದರೆ ದಾಖಲೆಯಲ್ಲಿ 23 ಡಿಗ್ರಿ ಎಂದಿದ್ದು ನಿಜವಾದ ಗೆರೆ 23 ಡಿಗ್ರಿ 4 ನಿಮಿಷ ಇರಬಹುದು, ಅಲ್ವಾ? ಹಾಗಾಗಿ ಗಡಿಗೆರೆಯನ್ನೇ ಹಿಡಿದು ಕಟ್ಟುವುದು ನನಗೆ ಹೆಚ್ಚು ನಂಬಿಕೆಯ ದಾರಿ.

ಉಳಿಸಿದ್ದನ್ನು ಮತ್ತೆ ಕರೆಯಲು ಯುಸಿಎಸ್, ಎನ್‌ಎ, ಆರ್, ಹೆಸರು. ಯುಸಿಎಸ್‌ಮ್ಯಾನ್ ಎಂದು ಕೊಟ್ಟರೆ ಎಲ್ಲ ಹೆಸರುಗಳ ಪಟ್ಟಿಯೇ ಬರುತ್ತದೆ. ಬಲ ಮೇಲ್ಮೂಲೆಯ ವ್ಯೂಕ್ಯೂಬ್ ಕೆಳಗೂ ಒಂದು ಪುಟ್ಟ ಮೆನು ಇದೆ, ಅಲ್ಲಿಂದಲೂ ಆರಿಸಬಹುದು. ಕೈತಪ್ಪಿ ಬೇರೆ ಎಲ್ಲಿಗೋ ಹೋದರೆ ಯುಸಿಎಸ್, ಪಿ ಕೊಡಿ, ಹಿಂದಿನದಕ್ಕೆ ವಾಪಸ್ ಬರುತ್ತದೆ. ಹಿಂದಿನ 10 ಯುಸಿಎಸ್‌ಗಳನ್ನು ಅದು ನೆನಪಿಟ್ಟುಕೊಂಡಿರುತ್ತದೆ.

ಲೆವೆಲ್ ತಂದೊಡ್ಡುವ ತಾಪತ್ರಯ

ಮೂರನೇ ಹೆಜ್ಜೆಯ ಓಸ್ನ್ಯಾಪ್‌ಝಡ್ ವಿಷಯಕ್ಕೆ ಬರೋಣ. ಇದನ್ನು ಯಾರೂ ಹೇಳಿಕೊಡುವುದಿಲ್ಲ, ಎಲ್ಲರೂ ಪೆಟ್ಟು ತಿಂದೇ ಕಲಿಯುತ್ತಾರೆ.

ಟೋಟಲ್ ಸ್ಟೇಷನ್‌ನಿಂದ ಬಂದ ಪಾಯಿಂಟ್‌ಗಳಿಗೆ ಎತ್ತರವೂ ಇರುತ್ತದೆ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಮೇಲಿದೆ. ‘ಎ’ ಮೂಲೆಯ ಝಡ್ 921.340 ಇದ್ದು ‘ಬಿ’ ಮೂಲೆಯದು 921.815 ಇದೆ ಎಂದುಕೊಳ್ಳಿ. ರಸ್ತೆ ಇಳಿಜಾರಿದ್ದರೆ ಇಷ್ಟು ವ್ಯತ್ಯಾಸ ಏನೂ ಹೆಚ್ಚಲ್ಲ. ಮೇಲಿನಿಂದ ನೋಡುವಾಗ ಇದು ಕಣ್ಣಿಗೆ ಕಾಣುವುದೂ ಇಲ್ಲ.

ಈಗ ಆ ಪಾಯಿಂಟ್‌ಗಳಿಗೇ ಸ್ನ್ಯಾಪ್ ಮಾಡಿ ಯುಸಿಎಸ್ ಕಟ್ಟಿದರೆ ನಿಮ್ಮ ಎಕ್ಸ್ ದಾರ ಸುಮಾರು 3 ಡಿಗ್ರಿ ಮೇಲಕ್ಕೆ ಏರಿಕೊಂಡು ಹೋಗುತ್ತದೆ. ಮೇಸ್ತ್ರಿ ಒಂದು ಗೂಟಕ್ಕೆ ದಾರವನ್ನು ನೆಲಮಟ್ಟದಲ್ಲಿ ಕಟ್ಟಿ, ಇನ್ನೊಂದು ಗೂಟಕ್ಕೆ ಮೊಣಕಾಲೆತ್ತರಕ್ಕೆ ಕಟ್ಟಿದ ಹಾಗೆ. ಅಳತೆ 9.144 ಬದಲು 9.156 ಬರುತ್ತದೆ. 12 ಮಿಲಿಮೀಟರ್ ಎಲ್ಲಿಂದ ಬಂತು ಎಂದು ಗಂಟೆಗಟ್ಟಲೆ ಹುಡುಕಬೇಕಾಗುತ್ತದೆ. ಅಷ್ಟೇ ಅಲ್ಲ, ನೀವು ಆಮೇಲೆ ಎಳೆದ ಗೋಡೆ, ಕಾಲಂ ಎಲ್ಲವೂ ವಾಲಿದ ನೆಲದ ಮೇಲೆ ಕೂರುತ್ತವೆ. ಎರಡು ಗೆರೆ ಮೂಲೆ ಕೂಡಿಸುವ ಫಿಲೆಟ್ ಆಗುವುದಿಲ್ಲ, ಒಳಗೆ ಗೆರೆ ತುಂಬುವ ಹ್ಯಾಚ್ ಹಿಡಿಯುವುದಿಲ್ಲ. ಟ್ರಿಮ್ ಮಾಡಲು ಹೋದರೆ ‘ವ್ಯೂ ಈಸ್ ನಾಟ್ ಪ್ಲಾನ್ ಟು ಯುಸಿಎಸ್’ ಎಂಬ ಸಂದೇಶ ಕೆಳಗೆ ಬರುತ್ತದೆ. ಆ ಸಾಲು ಕಂಡರೆ ಅದನ್ನು ದಾಟಿ ಹೋಗಬೇಡಿ. ಯುಸಿಎಸ್ ವಾಲಿದೆ ಎಂದು ಅದು ಕೂಗಿ ಹೇಳುತ್ತಿದೆ.

ಓಸ್ನ್ಯಾಪ್‌ಝಡ್ 1 ಮಾಡಿದಾಗ ಸ್ನ್ಯಾಪ್ ಪಾಯಿಂಟಿನ ಎತ್ತರವನ್ನು ಬಿಟ್ಟು, ಈಗಿನ ಎಲಿವೇಶನ್ ಬೆಲೆಯನ್ನು ತೆಗೆದುಕೊಳ್ಳುತ್ತದೆ. ಎಲಿವೇಶನ್ 0 ಇದೆಯಾ ಎಂದು ಒಮ್ಮೆ ನೋಡಿಕೊಳ್ಳಿ. ಹಾಗೆ ಎಳೆದ ಲೈನ್ ಚಪ್ಪಟೆಯಾಗಿರುತ್ತದೆ, ಆ ಲೈನಿನ ತುದಿಗಳಿಗೆ ಯುಸಿಎಸ್ ಕಟ್ಟಿದರೆ ಭಯವಿಲ್ಲ. ಕೆಲಸ ಮುಗಿದ ಮೇಲೆ ಬೇಕಿದ್ದರೆ ಮತ್ತೆ 0 ಮಾಡಿ. ಬರೀ 2ಡಿ ಕೆಲಸ ಮಾಡುವವರಾದರೆ 1 ಇದ್ದರೇ ಒಳ್ಳೆಯದು.

ತೆರೆಯಲ್ಲೂ ನೇರ ಕಾಣಲಿ

ಯುಸಿಎಸ್ ಕಟ್ಟಿದ ಮೇಲೂ ಸೈಟು ತೆರೆಯಲ್ಲಿ ಓರೆಯಾಗಿಯೇ ಇರುತ್ತದೆ. ಕ್ರಾಸ್‌ಹೇರ್ ಮಾತ್ರ ವಾಲಿರುತ್ತದೆ. ಹಾಗೇ ಕೆಲಸ ಮಾಡಿದರೆ ಕತ್ತು ನೋವು ಗ್ಯಾರಂಟಿ. ಪ್ಲಾನ್ ಎಂದು ಟೈಪ್ ಮಾಡಿ ಎರಡು ಸಲ ಎಂಟರ್ ಒತ್ತಿ. ಸೈಟು ನೇರವಾಗಿ ಎದುರಿಗೆ ಬಂದು ನಿಲ್ಲುತ್ತದೆ. ತಿರುಗಿದ್ದು ನಿಮ್ಮ ನೋಟ ಮಾತ್ರ, ಕಾಗದವನ್ನು ಮೇಜಿನ ಮೇಲೆ ಓರೆ ಮಾಡಿ ಇಟ್ಟುಕೊಂಡ ಹಾಗೆ. ಕೋಆರ್ಡಿನೇಟ್ ಎಲ್ಲ ಇದ್ದಲ್ಲೇ ಇವೆ.

ಯುಸಿಎಸ್ ಬದಲಾದಾಗಲೆಲ್ಲ ನೋಟವೂ ತಾನಾಗಿಯೇ ತಿರುಗಲಿ ಎಂದರೆ ಯುಸಿಎಸ್‌ಫಾಲೋ 1 ಮಾಡಬಹುದು. ನನಗೆ ಅದು ಹಿಡಿಸುವುದಿಲ್ಲ. ಎರಡು ನಿಮಿಷಕ್ಕೆ ವರ್ಲ್ಡ್‌ಗೆ ಹೋಗಿ ಬಂದರೂ ತೆರೆ ಗಿರಕಿ ಹೊಡೆಯುತ್ತದೆ, ಎಲ್ಲಿದ್ದೆ ಎಂಬುದೇ ಮರೆತುಹೋಗುತ್ತದೆ. 0 ಇಟ್ಟುಕೊಂಡು ಬೇಕಾದಾಗ ಪ್ಲಾನ್ ಕೊಡುವುದೇ ವಾಸಿ.

ಈಗ ಎಳೆಯೋಣ

ಎಡ ಬಲ 1 ಮೀಟರ್, ಹಿಂದೆ ಮುಂದೆ 1.5 ಮೀಟರ್ ಬಿಡೋಣ. ಸೆಟ್‌ಬ್ಯಾಕ್ ನಿಮ್ಮ ಊರಿನ ನಿಯಮದಂತೆ ಇರಲಿ, ಇದು ಲೆಕ್ಕಕ್ಕೆ ಮಾತ್ರ. ರೆಕ್ಟ್ಯಾಂಗಲ್ ಕಮಾಂಡ್ ಕೊಡಿ. ಮೊದಲ ಮೂಲೆ 1,1.5. ಎರಡನೆಯದಕ್ಕೆ ಅಟ್ ಚಿಹ್ನೆ ಹಾಕಿ 7.144,9.192. ಕಟ್ಟಡದ ಹೊರಗೆರೆ ಗಡಿಗೆ ಸರಿಯಾಗಿ ಸಮನಾಗಿ ಬಂದು ಕೂರುತ್ತದೆ. ಇದನ್ನೇ ವರ್ಲ್ಡ್‌ನಲ್ಲಿ ಮಾಡಲು ಆಫ್‌ಸೆಟ್, ಎಕ್ಸ್‌ಟೆಂಡ್, ಟ್ರಿಮ್ ಎಂದು ಎಷ್ಟು ಸುತ್ತಬೇಕಿತ್ತು ಯೋಚಿಸಿ. ಎಫ್8ರ ಆರ್ಥೋ, ಎಫ್10ರ ಪೋಲಾರ್, ಗ್ರಿಡ್ ಎಲ್ಲವೂ ಈಗ ನಿಮ್ಮ ದಾರಕ್ಕೆ ಹೊಂದಿಕೊಂಡೇ ನಡೆಯುತ್ತವೆ.

ಮೊದಲ ಕಾಲಂ 230 ಮಿಲಿಮೀಟರ್ ಅಗಲದ್ದು, ಕಟ್ಟಡದ ಮೂಲೆಗೆ ಕೂತಿದೆ. ಅದರ ಸೆಂಟರ್ 1.115,1.615. ಅಲ್ಲೊಂದು ಪಾಯಿಂಟ್ ಇಡಿ. ಆಮೇಲೆ ಯುಸಿಎಸ್, ಡಬ್ಲ್ಯು ಕೊಟ್ಟು ಅದೇ ಪಾಯಿಂಟಿಗೆ ಐಡಿ ಹಾಕಿ. 780512.735, 1436206.737 ಎಂದು ಬರುತ್ತದೆ. ಸೈಟಿನವರಿಗೆ ಕೊಡಬೇಕಾದ ಸಂಖ್ಯೆ ಇದು. ಒಂದೇ ಪಾಯಿಂಟಿಗೆ ಎರಡು ವಿಳಾಸ. ಮೇಸ್ತ್ರಿಗೆ ಮೊದಲನೆಯದು, ಟೋಟಲ್ ಸ್ಟೇಷನ್ ಹಿಡಿದವರಿಗೆ ಎರಡನೆಯದು. ಇದನ್ನು ಮೊದಲ ಸಲ ತೆರೆಯ ಮೇಲೆ ನೋಡಿದಾಗ ನನಗೆ ಆದ ಸಮಾಧಾನ ಇವತ್ತಿಗೂ ನೆನಪಿದೆ.

ಯುಸಿಎಸ್ ಒಳಗಿದ್ದುಕೊಂಡೇ ವರ್ಲ್ಡ್ ಬೆಲೆ ಕೊಡಬೇಕಾದರೆ ಸಂಖ್ಯೆಯ ಮುಂದೆ ನಕ್ಷತ್ರ ಚಿಹ್ನೆ ಹಾಕಿ. ಸರ್ವೆಯವರು ಫೋನಿನಲ್ಲಿ ‘ಇನ್ನೊಂದು ಪಾಯಿಂಟ್ ಬಿಟ್ಟುಹೋಗಿತ್ತು, ಬರ್ಕೊಳ್ಳಿ’ ಎಂದು ಹೇಳಿದಾಗ ಇದು ಬಹಳ ಉಪಯೋಗ. *780507.576,1436216.038 ಎಂದು ಕೊಟ್ಟರೆ ಹಿಂದಿನ ಎಡ ಮೂಲೆ ತನ್ನ ಜಾಗದಲ್ಲೇ ಬಂದು ಕೂರುತ್ತದೆ. ಡೈನಾಮಿಕ್ ಇನ್‌ಪುಟ್ (ಕರ್ಸರ್ ಪಕ್ಕದಲ್ಲೇ ಸಂಖ್ಯೆ ಹಾಕುವ ಸೌಲಭ್ಯ) ಹಾಕಿಕೊಂಡಿದ್ದರೆ ಎರಡನೇ ಪಾಯಿಂಟ್ ತಾನಾಗಿಯೇ ಹಿಂದಿನದರಿಂದ ಅಳೆಯುತ್ತದೆ. ಯುಸಿಎಸ್‌ನ ಮೂಲಬಿಂದುವಿನಿಂದಲೇ ಅಳೆಯಬೇಕೆಂದರೆ ಮುಂದೆ ಹ್ಯಾಶ್ ಚಿಹ್ನೆ ಹಾಕಬೇಕು.

ಡೈಮೆನ್ಶನ್ ಹಾಕುವಾಗ ಯುಸಿಎಸ್‌ನ ಬೆಲೆ ಚೆನ್ನಾಗಿ ಗೊತ್ತಾಗುತ್ತದೆ. ವರ್ಲ್ಡ್‌ನಲ್ಲಿದ್ದು ಎ-ಬಿ ಗೆರೆಗೆ ಲೀನಿಯರ್ ಡೈಮೆನ್ಶನ್ ಹಾಕಿ ನೋಡಿ, 8.417 ಎಂದು ತೋರಿಸುತ್ತದೆ. ತಪ್ಪೇನಲ್ಲ, ಅದು ಪೂರ್ವ-ಪಶ್ಚಿಮಕ್ಕೆ ಬಿದ್ದ ನೆರಳಿನ ಉದ್ದ. ಆದರೆ ನಮಗೆ ಬೇಕಾದ್ದು 9.144. ಅಲೈನ್ಡ್ ಡೈಮೆನ್ಶನ್ ಹಾಕಿದರೆ ಗೆರೆಯ ಉದ್ದವೇನೋ ಸರಿ ಬರುತ್ತದೆ, ಗಡಿಯಿಂದ ಗೋಡೆಗೆ, ಗೋಡೆಯಿಂದ ಕಾಲಂಗೆ ಎಂದು ಸಾಲಾಗಿ ಹಾಕುವಾಗ ಕೈಕೊಡುತ್ತದೆ. ‘ಸೈಟ್’ ಯುಸಿಎಸ್‌ನಲ್ಲಿದ್ದರೆ ಲೀನಿಯರ್ ಒಂದೇ ಸಾಕು. ಹೊಸದಾಗಿ ಬರೆದ ಅಕ್ಷರಗಳೂ ಗೋಡೆಗೆ ಸಮನಾಗಿ ಕೂರುತ್ತವೆ. ನೆಲದ ಟೈಲ್ಸ್ ಹ್ಯಾಚ್ ಕೂಡ ಗೋಡೆಗುಂಟ ಬರುತ್ತದೆ. ಪೂರ್ತಿ ಟೈಲ್ ಯಾವ ಮೂಲೆಯಿಂದ ಶುರುವಾಗಬೇಕು ಎನ್ನುವುದನ್ನು ಹ್ಯಾಚ್ ಒರಿಜಿನ್‌ನಲ್ಲಿ ತೋರಿಸಿಬಿಡಿ.

ಸೊನ್ನೆ ಬೇಡ, ಸಾವಿರದಿಂದ ಶುರು ಮಾಡಿ

ಮನೆ ಕೆಲಸಕ್ಕೆ ‘ಎ’ ಮೂಲೆ 0,0 ಆದರೆ ಸಾಕು. ಫ್ಯಾಕ್ಟರಿ, ಲೇಔಟ್, ಕಾಲೇಜ್ ಕ್ಯಾಂಪಸ್ ಥರದ ದೊಡ್ಡ ಕೆಲಸಕ್ಕೆ ಅದು ಸಾಲದು. ಗಡಿಯ ಆಚೆಗಿನ ಚರಂಡಿ, ಲೈಟ್ ಕಂಬಗಳಿಗೆ ಮೈನಸ್ ಸಂಖ್ಯೆ ಬರುತ್ತದೆ. ಯಾರೋ ಬರೆದುಕೊಳ್ಳುವಾಗ ಮೈನಸ್ ಬಿಟ್ಟುಬಿಡುತ್ತಾರೆ, ಕಂಬ ಒಳಗೆ ಬಂದುಬಿಡುತ್ತದೆ.

ಅದಕ್ಕೆ ‘ಎ’ ಮೂಲೆಗೇ 1000,1000 ಎಂದು ಬೆಲೆ ಕೊಡುವ ರೂಢಿ ಇದೆ. ಮಾಡುವುದು ಸುಲಭ. ‘ಸೈಟ್’ ಯುಸಿಎಸ್‌ನಲ್ಲಿ ಇರುವಾಗಲೇ ಮತ್ತೆ ಯುಸಿಎಸ್ ಕೊಡಿ. ಮೂಲಬಿಂದು ಕೇಳಿದಾಗ -1000,-1000 ಎಂದು ಟೈಪ್ ಮಾಡಿ ಎಂಟರ್ ಒತ್ತಿ, ಮುಂದಿನ ಪ್ರಶ್ನೆಗೂ ಎಂಟರ್. ಈಗ ‘ಎ’ ಮೇಲೆ ಐಡಿ ಹಾಕಿದರೆ 1000,1000 ಬರುತ್ತದೆ. ನಮ್ಮ ಕಾಲಂ 1001.115, 1001.615 ಆಗುತ್ತದೆ. ಇದನ್ನು ‘ಸೈಟ್‌ಗ್ರಿಡ್’ ಎಂದು ಬೇರೆ ಹೆಸರಲ್ಲಿ ಉಳಿಸಿ. ‘ಎ’ ಮೂಲೆಯ ಎರಡೂ ಬೆಲೆಗಳನ್ನೂ ತಿರುವಿನ ಕೋನವನ್ನೂ ಡ್ರಾಯಿಂಗ್‌ನ ಮೇಲೇ ಒಂದು ಟಿಪ್ಪಣಿಯಾಗಿ ಬರೆಯಿರಿ. ಇಮೇಲ್ ಕಳೆದುಹೋಗುತ್ತದೆ, ಹೇಳಿದ್ದು ಮರೆತುಹೋಗುತ್ತದೆ, ಹಾಳೆಯ ಮೇಲಿರುವುದು ಸೈಟಿಗೆ ತಲುಪುತ್ತದೆ.

ಇಲ್ಲಿ ಒಂದು ತಪ್ಪು ನಂಬಿಕೆಯನ್ನು ಬಿಡಿಸಬೇಕು. ದೊಡ್ಡ ದೊಡ್ಡ ಯುಟಿಎಂ ಸಂಖ್ಯೆಗಳಲ್ಲಿ ಕೆಲಸ ಮಾಡುವಾಗ, ಅದರಲ್ಲೂ ಮಿಲಿಮೀಟರ್‌ಗೆ ಬದಲಿಸಿದಾಗ, ಹ್ಯಾಚ್ ಒಡೆಯುತ್ತದೆ, ಗೆರೆಗಳು ತೆರೆಯಲ್ಲಿ ನಡುಗಿದ ಹಾಗೆ ಕಾಣುತ್ತವೆ. ಯುಸಿಎಸ್ ಹತ್ತಿರಕ್ಕೆ ತಂದರೆ ಇದು ಸರಿಹೋಗುತ್ತದೆ ಎಂದು ಕೆಲವರು ಹೇಳುತ್ತಾರೆ. ಹೋಗುವುದಿಲ್ಲ. ಫೈಲಿನ ಒಳಗೆ ಸಂಖ್ಯೆ ಅಷ್ಟೇ ದೊಡ್ಡದಾಗಿ ಇದೆಯಲ್ಲ. ಅಂಥ ಕಡೆ ಕಟ್ಟಡದ ಡ್ರಾಯಿಂಗನ್ನು ಬೇರೆ ಫೈಲಿನಲ್ಲಿ ಸೊನ್ನೆಯ ಹತ್ತಿರ ಮಾಡಿ, ಸರ್ವೆ ಫೈಲಿಗೆ ಎಕ್ಸ್‌ರೆಫ್ (ಹೊರಗಿನ ಫೈಲನ್ನು ಜೋಡಿಸಿ ತೋರಿಸುವ ರೀತಿ) ಆಗಿ ತಂದು ಸರಿಯಾದ ಜಾಗ, ಕೋನಕ್ಕೆ ಕೂರಿಸುವುದೇ ದಾರಿ.

ಹಾಳೆಗೆ ತರುವುದು

ಲೇಔಟ್‌ಗೆ, ಅಂದರೆ ಪ್ರಿಂಟ್ ತೆಗೆಯುವ ಹಾಳೆಗೆ ಹೋಗಿ, ಡ್ರಾಯಿಂಗ್ ಕಾಣುವ ಕಿಟಕಿಯಾದ ವ್ಯೂಪೋರ್ಟ್ ಒಳಗೆ ಡಬಲ್ ಕ್ಲಿಕ್ ಮಾಡಿ. ‘ಸೈಟ್’ ಯುಸಿಎಸ್ ಕರೆಯಿರಿ, ಪ್ಲಾನ್ ಕೊಡಿ. ಆಮೇಲೆ ಜೂಮ್ ಕೊಟ್ಟು 10ಎಕ್ಸ್‌ಪಿ. ಡ್ರಾಯಿಂಗ್ ಮೀಟರ್‌ನಲ್ಲಿ, ಹಾಳೆ ಮಿಲಿಮೀಟರ್‌ನಲ್ಲಿ ಇದ್ದಾಗ 1:100 ಸ್ಕೇಲಿಗೆ ಇದೇ ಲೆಕ್ಕ. ಕೊನೆಗೆ ವ್ಯೂಪೋರ್ಟ್ ಲಾಕ್ ಮಾಡಿ. ಈ ಕ್ರಮ ಮುಖ್ಯ, ಏಕೆಂದರೆ ಪ್ಲಾನ್ ಕೊಟ್ಟಾಗ ಜೂಮ್ ಬದಲಾಗುತ್ತದೆ, ಸ್ಕೇಲ್ ಮೊದಲೇ ಹಾಕಿದ್ದರೆ ಅದು ಹೋಗುತ್ತದೆ. ಒಂದು ವ್ಯೂಪೋರ್ಟ್‌ನಲ್ಲಿ ಸೈಟು ನೇರವಾಗಿಯೂ, ಪಕ್ಕದ ಕೀ ಪ್ಲಾನ್‌ನಲ್ಲಿ ಉತ್ತರ ಮೇಲಾಗಿಯೂ ಒಂದೇ ಹಾಳೆಯಲ್ಲಿ ತೋರಿಸಬಹುದು. ಪ್ರತಿ ವ್ಯೂಪೋರ್ಟ್ ತನ್ನ ಯುಸಿಎಸ್ ತಾನು ಇಟ್ಟುಕೊಳ್ಳುತ್ತದೆ.

ಉತ್ತರದ ಬಾಣವನ್ನು ಮಾಡೆಲ್‌ನಲ್ಲೇ ಇಡಿ, ಅದೂ ವರ್ಲ್ಡ್‌ಗೆ ಹೋಗಿ ಇಡಿ. ಆಗ ಹಾಳೆಯಲ್ಲಿ ನೋಟ ಎಷ್ಟೇ ತಿರುಗಿದ್ದರೂ ಬಾಣ ಸರಿಯಾದ ಕಡೆಗೇ ತೋರಿಸುತ್ತದೆ. ಹಾಳೆಯ ಮೇಲೆ ಕೈಯಾರೆ ಇಟ್ಟ ಬಾಣ ಮೇಲಕ್ಕೇ ನೋಡುತ್ತಾ ನಿಂತಿರುತ್ತದೆ. ಮನೆಯವರು ವಾಸ್ತು ನೋಡಿಸಿ ದೇವರಕೋಣೆ ಎಲ್ಲಿ ಎಂದು ತೀರ್ಮಾನಿಸುವುದು ಆ ಬಾಣ ನೋಡಿಯೇ. ಅದು 23 ಡಿಗ್ರಿ ತಪ್ಪಿದ್ದರೆ ಅವರ ನಂಬಿಕೆಗೆ ನಾವು ಮಾಡುವ ಅನ್ಯಾಯ ಅದು. ಇನ್ನೂ ಒಂದು ಸಣ್ಣ ವಿಷಯ. ಯುಟಿಎಂ ಗ್ರಿಡ್‌ನ ಉತ್ತರಕ್ಕೂ ನಿಜವಾದ ಉತ್ತರಕ್ಕೂ ಬೆಂಗಳೂರಿನಲ್ಲಿ ಅರ್ಧ ಡಿಗ್ರಿಗಿಂತ ತುಸು ಹೆಚ್ಚು ವ್ಯತ್ಯಾಸ ಇದೆ. ಮನೆಗೆ ಇದು ಲೆಕ್ಕಕ್ಕೆ ಬಾರದು, ಆದರೆ ಬಾಣದ ಕೆಳಗೆ ‘ಗ್ರಿಡ್ ಉತ್ತರ’ ಎಂದು ಬರೆದರೆ ನಷ್ಟವೇನಿಲ್ಲ.

ಬ್ಲಾಕ್, ಎಕ್ಸ್‌ರೆಫ್, ಕಾಪಿ

ಯುಸಿಎಸ್ ಬಳಸಿ ಕೈ ಸುಟ್ಟುಕೊಂಡವರು ಬಹುಪಾಲು ಇಲ್ಲೇ ಸುಟ್ಟುಕೊಂಡಿರುತ್ತಾರೆ.

ಎಕ್ಸ್‌ರೆಫ್ ತರುವಾಗ 0,0 ಎಂದರೆ ಈಗಿನ ಯುಸಿಎಸ್‌ನ 0,0. ‘ಸೈಟ್’ನಲ್ಲಿ ಇದ್ದುಕೊಂಡು ಸರ್ವೆ ಫೈಲ್ ತಂದರೆ ಅದು 23 ಡಿಗ್ರಿ ತಿರುಗಿ, ಎಷ್ಟೋ ಕಿಲೋಮೀಟರ್ ಆಚೆ ಹೋಗಿ ಕೂರುತ್ತದೆ. ವರ್ಲ್ಡ್‌ಗೆ ಹೋಗಿ ತನ್ನಿ. ಡ್ರಾಯಿಂಗ್‌ನ ಒಂದು ಭಾಗವನ್ನು ಬೇರೆ ಫೈಲಾಗಿ ಉಳಿಸುವ ಡಬ್ಲ್ಯುಬ್ಲಾಕ್ ಮಾಡುವಾಗಲೂ ಹಾಗೇ. ಆಗ ಇರುವ ಯುಸಿಎಸ್ ಹೊಸ ಫೈಲಿನ ವರ್ಲ್ಡ್ ದಿಕ್ಕಾಗಿಬಿಡುತ್ತದೆ. ಅಂದರೆ ಡ್ರಾಯಿಂಗ್ ರೊಟೇಟ್ ಮಾಡಿದ ಅದೇ ಅನಾಹುತ ನಮಗೆ ಗೊತ್ತಿಲ್ಲದೆ ಆಗಿಹೋಗುತ್ತದೆ.

ಬಾಗಿಲು, ಕಿಟಕಿ, ಕಮೋಡ್ ಥರದ ಬ್ಲಾಕ್‌ಗಳಿಗೆ ಇದೇ ಗುಣ ಅನುಕೂಲ. ‘ಸೈಟ್’ನಲ್ಲಿದ್ದು ಇನ್ಸರ್ಟ್ ಮಾಡಿದರೆ ಗೋಡೆಗೆ ಸರಿಯಾಗಿ ಬಂದು ಕೂರುತ್ತವೆ, ತಿರುಗಿಸುವ ಕೆಲಸವೇ ಇಲ್ಲ. ಒಂದು ಫೈಲಿಂದ ಇನ್ನೊಂದಕ್ಕೆ ಕಾಪಿ ಮಾಡುವಾಗಲೂ ಹೊರಡುವ ಕಡೆಯ ಯುಸಿಎಸ್, ಇಳಿಯುವ ಕಡೆಯ ಯುಸಿಎಸ್ ಎರಡನ್ನೂ ನೋಡಿಕೊಳ್ಳಿ. ಇದ್ದ ಜಾಗಕ್ಕೇ ಇಳಿಸಬೇಕಾದರೆ ಎರಡೂ ಕಡೆ ವರ್ಲ್ಡ್ ಮಾಡಿಕೊಂಡು ಪೇಸ್ಟ್‌ಒರಿಗ್ ಕೊಡಿ.

ಇಳಿಜಾರು ಚಾವಣಿ ಇದ್ದರೆ

3ಡಿಯಲ್ಲಿ ಯುಸಿಎಸ್ ವಾಲಿಸುವುದೇ ಕೆಲಸ. ಮಂಗಳೂರು ಹೆಂಚಿನ ಚಾವಣಿಯ ಮೇಲೆ ಒಂದು ಗಾಜಿನ ಕಿಟಕಿ ಬರೆಯಬೇಕು ಅಂದುಕೊಳ್ಳಿ. ಸೂರಿನ ಎರಡು ತುದಿ, ಚಾವಣಿಯ ನೆತ್ತಿಯ ಒಂದು ತುದಿ, ಹೀಗೆ ಮೂರು ಪಾಯಿಂಟ್ ತೋರಿಸಿದರೆ ಇಳಿಜಾರೇ ನಿಮ್ಮ ನೆಲವಾಗುತ್ತದೆ. ಆಗ ಓಸ್ನ್ಯಾಪ್‌ಝಡ್ 0 ಇರಬೇಕು ಎನ್ನುವುದು ನೆನಪಿರಲಿ. ಘನ ಆಕೃತಿ ಇದ್ದರೆ ಎಫ್6 ಒತ್ತಿ ಡೈನಾಮಿಕ್ ಯುಸಿಎಸ್ ಹಾಕಿಕೊಳ್ಳಿ, ಯಾವ ಮುಖದ ಮೇಲೆ ಕರ್ಸರ್ ಇಟ್ಟರೂ ಯುಸಿಎಸ್ ಆ ಮುಖಕ್ಕೆ ತಾತ್ಕಾಲಿಕವಾಗಿ ಅಂಟಿಕೊಳ್ಳುತ್ತದೆ.

ಫೈಲ್ ಕಳಿಸುವ ಮುನ್ನ

ನಾನು ಇದನ್ನು ಪ್ರತಿ ಸಲವೂ ಮಾಡುತ್ತೇನೆ, ಎಷ್ಟೇ ಅವಸರ ಇದ್ದರೂ. ಮಾಡೆಲ್‌ಗೆ ಬಂದು ಯುಸಿಎಸ್, ಡಬ್ಲ್ಯು. ಪ್ಲಾನ್, ಡಬ್ಲ್ಯು. ಸೈಟು ಮತ್ತೆ ಓರೆಯಾಗಿ ನಿಲ್ಲುತ್ತದೆ, ನಿಲ್ಲಲಿ. ಗುರುತಿನ ಮೂಲೆಯಲ್ಲಿ ಸಣ್ಣ ಚೌಕ ಇದೆಯಾ ನೋಡುತ್ತೇನೆ. ‘ಎ’ ಮೂಲೆಗೆ ಐಡಿ ಹಾಕುತ್ತೇನೆ, ಆಮೇಲೆ ದೂರದ ಎದುರು ಮೂಲೆಗೂ ಹಾಕುತ್ತೇನೆ. ಒಂದೇ ಮೂಲೆ ನೋಡಿದರೆ ಸಾಲದು, ಅದನ್ನೇ ಹಿಡಿದು ಯಾರಾದರೂ ತಿರುಗಿಸಿದ್ದರೆ ಅದು ಸರಿಯಾಗಿಯೇ ಇರುತ್ತದೆ. ಎರಡೂ ಸಂಖ್ಯೆಗಳನ್ನು ಸರ್ವೆಯವರು ಕೊಟ್ಟ ಕಾಗದದ ಪಕ್ಕ ಇಟ್ಟು, ದಶಾಂಶದ ಮೂರನೇ ಅಂಕಿಯವರೆಗೂ ಓದಿ ತಾಳೆ ನೋಡುತ್ತೇನೆ. ಆಮೇಲೆ ಸೇವ್.